ಪಟದ ಸುತ್ತಳತೆ

ಗಣಿತದ ಸಾರ್ ಬ್ಲೇಡು ತೆಗೆದು ನನ್ನ ಗಾಳಿಪಟದ ಅಂಚು ಸೀಳಿದರು. ಒಳಗಿದ್ದ ದಾರವನ್ನು ಸರ್ರನೆ ಎಳೆದು ಹಲಗೆಯ ಮೇಲೆ ಬಿಗಿಯಾಗಿ ಹಿಡಿದರು.

"ಸುತ್ತಳತಿ ಅಂದ್ರ ಇದಾ ನೋಡ್ರಲೇ. ಮ್ಯಾಲಿನ ಎರಡು ಬಾಜು ಒಂದಾ ಅಳತಿ, ಕೆಳಗಿನ ಎರಡು ಒಂದಾ ಅಳತಿ. ಗಿಡ್ಡದೊಂದು, ಉದ್ದದೊಂದು ಅಳೀರಿ. ಕೂಡಿಸಿ ಎರಡರಿಂದ ಗುಣಿಸ್ರಿ. ಮುಗೀತು."

ನನಗೆ ಅರ್ಥವಾಯಿತು. ಏಳನೇ ಕ್ಲಾಸಿನವರೆಗೆ ಗಣಿತದಲ್ಲಿ ಒಂದೇ ಏಟಿಗೆ ತಲೆಗೆ ಹತ್ತಿದ್ದು ಅದೊಂದೇ. ಆದರೆ ಪಟ ಹೋಯಿತು.

ಆಗ ನಮ್ಮ ಕೌಲ್ ಬಜಾರಿನಲ್ಲಿ ಆಷಾಢದ ಗಾಳಿ ಎದ್ದರೆ ಯಾರೂ ನೆಲ ನೋಡಿ ನಡೆಯುತ್ತಿರಲಿಲ್ಲ. ಅಂಗಡಿಯಲ್ಲಿ ಕೊಂಡ ಪಟ ಹಾರಿಸಿದರೆ ನಗುತ್ತಿದ್ದರು. ಹುಳ ಹಿಡಿಯದಂತೆ ಮೈಲುತುತ್ತ ಹಾಕಿ ಕುದಿಸಿದ ಮೈದಾ ಅಂಟಿನ ವಾಸನೆ ಓಣಿಗೆಲ್ಲ. ಹಾಳೆಯ ನಾಲ್ಕೂ ಅಂಚು ಮಡಚಿ, ಒಳಗೆ ದಾರ ಕೂರಿಸಿ ಅಂಟಿಸಬೇಕು. ದಾರ ಇಲ್ಲದಿದ್ದರೆ ಹಾಳೆ ಗಾಳಿಗೆ ಹರಿಯುತ್ತದೆ.

ಆ ಪಟ ಕಟ್ಟಿದ್ದು ನಮ್ಮಣ್ಣ ಈರಣ್ಣ. ನನ್ನದೇ ಶಾಲೆಯನ್ನು ಏಳನೇ ಕ್ಲಾಸಿನಲ್ಲಿ ಬಿಟ್ಟು ಜೀನ್ಸ್ ಹೊಲಿಯಲು ಕೂತವನು. ರಜೆಯ ದಿನ ನಿದ್ದೆ ಬಿಟ್ಟು ಕಟ್ಟಿದ್ದ. ಅವತ್ತು ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಅದನ್ನು ಹಾರಿಸಲು ಮಾಳಿಗೆ ಹತ್ತುವುದಿತ್ತು. ಸಾರ್ ಪಟ ತರಲು ಹೇಳಿದ್ದರು, ಒಯ್ದಿದ್ದೆ.

"ಯಾರಲೇ ಹರಿದಿದ್ದು?" ಮನೆಗೆ ಬಂದಾಗ ಅಣ್ಣ ಕೇಳಿದ.

"ಸಾರು. ಸುತ್ತಳತಿ ಕಲಿಸಾಕ."

"ಕಲ್ತೇನು?"

"ಕಲ್ತೆ."

"ಹಂಗಾರ ಹೋಗ್ಲಿ ಬಿಡು. ನಾನಂತೂ ಮಷೀನಿಗೆ ಕುಂತೆ. ನಮ್ಮನ್ಯಾಗ ಒಬ್ಬನಾದ್ರೂ ಓದ್ಲಿ."

ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಣ್ಣ ಕ್ಲಾಸಿನ ಬಾಗಿಲಿಗೆ ಬಂದ. ಜಗಳಕ್ಕಲ್ಲ.

"ಸಾರ್, ಪಾಠಕ್ಕಂದ್ರ ನಾನಾ ಬ್ಯಾರೆ ಪಟ ಕಟ್ಟಿಕೊಡ್ತೀನ್ರಿ. ದಾರ ಬಿಚ್ಚಾಕ ಬರೋಹಂಗ."

ಸಾರ್ ನಮ್ಮ ಕಡೆ ತಿರುಗಿದರು. "ನೋಡ್ರಲೇ, ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ಓಡಿಹೋದವ ನನಗ ಪಾಠ ಹೇಳಾಕ ಬಂದಾನ. ಹೋಗಪಾ, ಪ್ಯಾಂಟು ಹೊಲಿ ಹೋಗು."

ಎಲ್ಲರೂ ನಕ್ಕರು. ಅಣ್ಣ "ಆತ್ರಿ ಸಾರ್" ಎಂದು ಹೋದ.

ಸಾರ್ ಹಲಗೆಯ ಮೇಲೆ ಪಟ ಬರೆದು ನನ್ನನ್ನು ಎಬ್ಬಿಸಿದರು. "ಗಿಡ್ಡದು ಮೂವತ್ತು, ಉದ್ದದ್ದು ಐವತ್ತು. ಸುತ್ತಳತಿ ಎಷ್ಟು?"

ನೂರ ಅರವತ್ತು. ಗೊತ್ತಿತ್ತು. ಹೇಳಲಿಲ್ಲ.

"ಅಣ್ಣನ ತಮ್ಮನಾ ಇವ," ಎಂದು ಕೋಲು ತಗೊಂಡರು. ಏಟು ತಿಂದು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಅಣ್ಣ ಹೊಡೆದ, ನಿನ್ನ ಕಾಲು ಹಿಡಿಯುತ್ತೀನಿ, ಶಾಲೆಗೆ ಹೋಗು ಅಂದ. ನಾನು ಜಗ್ಗಲಿಲ್ಲ.

ಈಗ ಅವನ ಮಗ್ಗುಲ ಮಷೀನು ನನ್ನದು. ಆಷಾಢದಲ್ಲಿ ಹುಡುಗರು ಅಂಗಡಿಯ ಪ್ಲಾಸ್ಟಿಕ್ ಪಟ ಹಾರಿಸುತ್ತಾರೆ, ಯಾರೂ ನಗುವುದಿಲ್ಲ. ಅಣ್ಣ ತಲೆ ಎತ್ತುವುದಿಲ್ಲ. ಮನೆಯಲ್ಲಿ ಒಬ್ಬನಾದರೂ ಓದಲಿ ಎಂಬ ಮಾತನ್ನು ಅವನ ಬಾಯಲ್ಲಿ ಮತ್ತೆ ಕೇಳಿಲ್ಲ.

ಇಷ್ಟೇ. ನನಗೆ ಇನ್ನು ಹೇಳುವುದು ಏನೂ ಇಲ್ಲ.