ಚಾರ್ಟಿಗೆ ಸೇರದ ಗಂಜಿ

ನೀರಜಾ ಹಾವೇರಿ ಕಡೆಯ ಹಳ್ಳಿಯವಳು. ಅವರ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ಅವಳೇ. ಇಂಗ್ಲೆಂಡಿನ ಲೀಡ್ಸ್‌ನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದಕ್ಕೆ ಅವಳಿಗೆ ಅಂಟಿಕೊಂಡ ಗುಣವೆಂದರೆ, ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದಿರುವುದು. ಮಾತ್ರೆ ನುಂಗಿದೆ ಎಂದವರ ದಿಂಬಿನಡಿಗೂ ಅವಳು ಕೈಹಾಕಿ ನೋಡುತ್ತಿದ್ದಳು.

ಆರನೇ ಹಾಸಿಗೆಯಲ್ಲಿದ್ದವರು ಅದೇ ಊರಿನ ಹೆಡಿಂಗ್ಲೀ ಬಡಾವಣೆಯ ನಿವೃತ್ತ ಇಂಜಿನಿಯರ್ ರಾಮಮೂರ್ತಿ. ರಕ್ತದಲ್ಲಿ ಸೋಡಿಯಂ ಇಳಿದಿತ್ತು. ನೀರು, ಚಹಾ ಎಲ್ಲ ಸೇರಿ ದಿನಕ್ಕೆ ಒಂದೇ ಲೀಟರ್ ಕುಡಿಯಬೇಕು ಎಂದು ಡಾಕ್ಟರು ಬರೆದಿದ್ದರು. ಕುಡಿದದ್ದನ್ನೆಲ್ಲ ಬರೆದಿಡುವ ಚಾರ್ಟಿನಲ್ಲಿ ಒಂದು ಗುಟುಕೂ ಹೆಚ್ಚಿರಲಿಲ್ಲ. ಆದರೂ ನೂರ ಮೂವತ್ತೈದಾದರೂ ಇರಬೇಕಾದ ಸೋಡಿಯಂ, ನೂರ ಇಪ್ಪತ್ತೊಂದು ಇದ್ದದ್ದು ನೂರ ಹತ್ತೊಂಬತ್ತಾಗಿ, ಮೂರನೇ ದಿನ ನೂರ ಹದಿನೇಳಕ್ಕೆ ಬಂತು. ಬೆಳಿಗ್ಗೆ ಅವರು ನೀರಜಾಳನ್ನು ಅಕ್ಕ ಎಂದು ಕರೆದು, ಕಾಲೇಜಿಗೆ ಹೊತ್ತಾಯಿತು, ಸೈಕಲ್ ಎಲ್ಲಿ ಎಂದು ಕೇಳಿದರು.

ಆ ಗಲಿಬಿಲಿಯ ಅರ್ಥ ಅವಳಿಗೆ ಗೊತ್ತಿತ್ತು. ಜೀವಕೋಶದ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಉಪ್ಪು ಕಡಿಮೆಯಾಗಿ ರಕ್ತ ತೆಳುವಾದರೆ ನೀರು ಕೋಶದೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಬೇರೆಡೆ ಉಬ್ಬಿದರೆ ಜಾಗವಿದೆ, ತಲೆಬುರುಡೆಯೊಳಗೆ ಇಲ್ಲ. ಇನ್ನೂ ಇಳಿದರೆ ಫಿಟ್ಸ್ ಬರಬಹುದೆಂದು ಡಾಕ್ಟರು ಎಚ್ಚರಿಸಿದ್ದರು.

ಯಾರೋ ಕದ್ದು ನೀರು ಕೊಡುತ್ತಿದ್ದಾರೆ. ದಿನವೂ ಬರುವವರು ಹೆಂಡತಿ ಶೋಭಾ ಒಬ್ಬರೇ. ಎರಡು ಸಲ ಕೇಳಿದಾಗಲೂ ಆಕೆ ದೇವರಾಣೆ ಹಾಕಿ ಇಲ್ಲ ಎಂದಿದ್ದರು. ಆಕೆಯನ್ನು ವಾರ್ಡಿಗೆ ಬಿಡುವುದೇ ಬೇಡ ಎಂದು ವಾರ್ಡಿನ ಹಿರಿಯ ಸಿಸ್ಟರ್ ತೀರ್ಮಾನಿಸಲು ಹೊರಟಾಗ, ನೀರಜಾ ಸಂಜೆಯವರೆಗೆ ಸಮಯ ಕೇಳಿದಳು.

ಮಧ್ಯಾಹ್ನ ಎರಡಕ್ಕೆ ಶೋಭಾ ಬಂದರು. ಪರದೆ ಎಳೆದುಕೊಂಡರು. ಸ್ಟೀಲು ತಟ್ಟೆಗೆ ತಾಗಿದ ಚಮಚದ ಸದ್ದು ಕೇಳಿಸಿತು. ನೀರಜಾ ತಟ್ಟನೆ ಪರದೆ ಸರಿಸಿದಳು. ಶೋಭಾ ಆಗಷ್ಟೇ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದರು.

"ಏನಮ್ಮಾ ಇದು, ಪೊಲೀಸಿನವರ ಥರ?" ಎಂದರು ಶೋಭಾ.

"ಫ್ಲಾಸ್ಕಲ್ಲಿ ಏನಿದೆ ಆಂಟಿ?"

"ಗಂಜಿ. ಇಲ್ಲಿಯ ಸ್ಯಾಂಡ್‌ವಿಚ್ ಇವರಿಗೆ ಇಳಿಯಲ್ಲ. ನೀರು ಒಂದು ತೊಟ್ಟೂ ಕೊಟ್ಟಿಲ್ಲ, ಬರೀ ಊಟ."

"ಉಪ್ಪು?"

"ಬಿ.ಪಿ. ಇದೆಯಲ್ಲ, ಹಾಕಲ್ಲ."

ನೀರಜಾ ಫ್ಲಾಸ್ಕನ್ನು ಅಳತೆಯ ಜಗ್ಗಿಗೆ ಬಗ್ಗಿಸಿದಳು. ತಿಳಿನೀರೇ ಏಳುನೂರು ಮಿಲಿ. ತಳದಲ್ಲಿ ಹಿಡಿಯಷ್ಟು ಅನ್ನ. ದಿನವೂ ಇಷ್ಟೇ ತರುತ್ತಿದ್ದೆ ಎಂದರು ಶೋಭಾ. ಬಗ್ಗಿ ಜಗ್ಗಿನ ಗೆರೆಗಳನ್ನು ಓದಿದರು.

"ಹಾಗಾದ್ರೆ ನಾನೇ..." ಎಂದು ನಿಲ್ಲಿಸಿದರು.

"ನಾನೂ ಗಂಜಿ ಕುಡಿದು ಬೆಳೆದವಳೇ ಆಂಟಿ. ಆದ್ರೂ ನೀರು ಕೊಟ್ರಾ ಅಂತ ಮಾತ್ರ ಕೇಳ್ದೆ, ಗಂಜಿ ಕೊಟ್ರಾ ಅಂತ ಕೇಳ್ಲಿಲ್ಲ."

ಸಂಜೆ ಅವಳು ಡಾಕ್ಟರಿಗೆ ಎಲ್ಲ ಹೇಳಿದಳು. ಶೋಭಾ ಬರುವುದು ನಿಲ್ಲಲಿಲ್ಲ, ಗಂಜಿಯ ಫ್ಲಾಸ್ಕ್ ಮಾತ್ರ ನಿಂತಿತು. ಮರುದಿನ ಸೋಡಿಯಂ ನೂರ ಇಪ್ಪತ್ತು, ಅದರ ಮರುದಿನ ನೂರ ಇಪ್ಪತ್ತನಾಲ್ಕು. ರಾಮಮೂರ್ತಿ ನೀರಜಾಳ ಬ್ಯಾಡ್ಜ್ ಓದಿ, ಯಾವೂರಮ್ಮ ಎಂದು ವಿಚಾರಿಸಿದರು. ಅವರ ಬಟ್ಟಲಿನಲ್ಲಿದ್ದ ಕಿತ್ತಳೆಯ ತೊಳೆಗಳನ್ನು ಶೋಭಾ ಕಿತ್ತುಕೊಂಡು, ಬೆಳಕಿಗೆ ಹಿಡಿದು ನೋಡಿ, "ಇದರಲ್ಲಿ ಎಷ್ಟು ನೀರು ಅಂತ ಚಾರ್ಟಲ್ಲಿ ಬರೆಯೋಣ?" ಎಂದರು.