ಮಾವ ಬ್ರೇಕ್ ಬಿಟ್ಟರು

ಸ್ನೇಹಿತರೇ, ಇವತ್ತು ಗೋಣಿಕೊಪ್ಪಲಿನ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಪ್ಯಾರಾಗ್ಲೈಡಿಂಗ್ ಕಲಿಯುತ್ತಿದ್ದ ನನ್ನ ಸೋದರಮಾವ, ಗಾಳಿ ಬೀಸಿದಾಗಲೆಲ್ಲ ಹೆದರಿ ಎರಡೂ ಬ್ರೇಕ್ ಹಗ್ಗಗಳನ್ನು ಸೊಂಟದವರೆಗೆ ಎಳೆದರು. ನೆಲದ ಮೇಲೆ ನಿಂತೇ ಅಭ್ಯಾಸ; ಪ್ರತಿ ಸಲವೂ ತಲೆಯ ಮೇಲೆ ಎದ್ದ ಬಟ್ಟೆಯ ರೆಕ್ಕೆ ಹಿಂದಕ್ಕೆ ಕುಸಿಯಿತು.

"ಅಂಕಲ್, ಇನ್ನೊಂದು ಸಲ ಹೀಗಾದ್ರೆ ನಾಳೆ ಗುಡ್ಡದಿಂದ ಹಾರೋಕೆ ಬಿಡಲ್ಲ," ಎಂದಳು ಕಲಿಸುವ ಹುಡುಗಿ.

"ಎಸ್ಟೇಟ್ ಇಳಿಜಾರಲ್ಲಿ ಇಪ್ಪತ್ತು ವರ್ಷ ಜೀಪ್ ಓಡ್ಸಿದೀನಿ. ಬ್ರೇಕೇ ನನ್ನ ಕಾಪಾಡಿದ್ದು ಮಾರಾಯ್ತಿ!"

"ಜೀಪ್ ನಿಂತ್ರೆ ಕೆಳಗೆ ರಸ್ತೆ ಇರುತ್ತೆ. ಇದು ತೀರಾ ನಿಧಾನ ಆದ್ರೆ ರೆಕ್ಕೆ ಮೇಲೆ ಹರಿಯೋ ಗಾಳಿ ಬಿಟ್ಟುಹೋಗುತ್ತೆ, ಆಮೇಲೆ ಬೀಳೋದೇ. ಹೆದರಿದ್ರೆ ಕೈ ಮೇಲೆತ್ತಿ ಹಗ್ಗ ಸಡಿಲ ಬಿಡಿ."

ಮತ್ತೆ ಗಾಳಿ ಬೀಸಿತು. ಕಾಲೇಜಿನಲ್ಲಿ ಹಾಜರಿಯನ್ನೂ ಮೆಲ್ಲಗೆ ಹೇಳುತ್ತಿದ್ದ ನಾನು "ಮಾವ, ಕೈ ಮೇಲೆ!" ಎಂದು ಕಿರುಚಿದೆ. ಕೈ ಮೇಲೆ ಹೋಯಿತು. ರೆಕ್ಕೆ ತಲೆಯ ಮೇಲೇ ನಿಂತು, ಮಾವನನ್ನು ನೆಲದಿಂದ ಅರ್ಧ ಅಡಿ ಎತ್ತಿ ಇಳಿಸಿತು.

"ಬೆಳಿಗ್ಗೆ ಗುಡ್ಡಕ್ಕೆ ಬನ್ನಿ," ಎಂದಳು ಅವಳು.

ಮಾವ ಅತ್ತೆಗೆ ಫೋನಿನಲ್ಲಿ ಹೇಳುವಾಗ ಅರ್ಧ ಅಡಿ ಹತ್ತು ಅಡಿಯಾಯಿತು. ನಾನು ತಿದ್ದಲಿಲ್ಲ. ನಾಳೆ ಹೇಗೂ ನಿಜವಾಗುತ್ತದೆ.