ಇನಿಷಿಯಲ್ ಬಿಟ್ಟುಹೋದ ಹೆಸರು

ನಾನು ತೀರಿಕೊಂಡ ಸುದ್ದಿಯನ್ನು ನಾನೇ ಓದಿದ್ದು ಒಂದು ಶನಿವಾರ, ಬೆಳಗಿನ ತರಗತಿಗಳು ಮುಗಿದ ಮೇಲೆ, ಅಜ್ಜಂಪುರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕುಳಿತು.

ನಾನು ಅಲ್ಲಿ ಡ್ರಾಯಿಂಗ್ ಟೀಚರ್. ನಾನು ಓದಿದ ವಿಶ್ವವಿದ್ಯಾಲಯದ ಚಿತ್ರಕಲಾ ವಿಭಾಗದವರು ಹಳೆಯ ವಿದ್ಯಾರ್ಥಿಗಳಿಗೆಲ್ಲ ತಿಂಗಳಿಗೊಂದು ಪತ್ರ ಕಳಿಸುತ್ತಾರೆ. ಮೊದಲೆಲ್ಲ ಅಂಚೆಯಲ್ಲಿ ಬರುತ್ತಿತ್ತು, ಈಗ ಮೊಬೈಲಿಗೆ ಬರುತ್ತದೆ. ಯಾರ ಪ್ರದರ್ಶನ ಎಲ್ಲಿ, ಯಾರಿಗೆ ಬಹುಮಾನ ಬಂತು, ಯಾವ ಶಿಬಿರಕ್ಕೆ ಅರ್ಜಿ ಕರೆದಿದ್ದಾರೆ, ಎಲ್ಲಿ ಕಲಾ ಶಿಕ್ಷಕರ ಹುದ್ದೆ ಖಾಲಿ ಇದೆ, ಇಂಥವೇ. ನಾನು ಸಾಮಾನ್ಯವಾಗಿ ಕೊನೆಯ ಪುಟದ ‘ಅವಕಾಶಗಳು’ ಮಾತ್ರ ನೋಡುತ್ತೇನೆ. ನಮ್ಮ ಮಕ್ಕಳು ಭಾಗವಹಿಸಬಹುದಾದ ಯಾವುದಾದರೂ ಸ್ಪರ್ಧೆ ಇದ್ದರೆ ಬರೆದಿಟ್ಟುಕೊಳ್ಳುವುದಕ್ಕೆ.

ಆ ದಿನ ಪತ್ರ ತೆರೆದ ಕೂಡಲೇ ಮೊದಲ ಪುಟದಲ್ಲೇ ನನ್ನ ಮುಖ ಕಂಡಿತು. ಇಪ್ಪತ್ತು ವರ್ಷದ ಹಿಂದಿನ ಫೋಟೋ, ಎರಡು ಜಡೆ. ಕೆಳಗೆ ನನ್ನ ಹೆಸರು. ಬಹುಮಾನವೇನಾದರೂ ಬಂತೇ ಅಂತ ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಓದಿದೆ. ‘ನಮ್ಮ ವಿಭಾಗದ ಪ್ರತಿಭಾವಂತ ವಿದ್ಯಾರ್ಥಿನಿ ಇನ್ನಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ.’ ಅದರ ಕೆಳಗೆ, ಆಕೆಯ ನೆನಪಿನಲ್ಲಿ ವಿಭಾಗದ ಕಾರಿಡಾರಿನಲ್ಲಿ ಚಿತ್ರಗಳನ್ನು ತೂಗುಹಾಕುವುದಾಗಿಯೂ, ಯಾರ ಬಳಿಯಾದರೂ ಆಕೆಯ ಕೆಲಸ ಇದ್ದರೆ ಕಳಿಸಬೇಕೆಂದೂ ಬರೆದಿತ್ತು.

ಪಕ್ಕದಲ್ಲಿ ಪೇಪರ್ ತಿದ್ದುತ್ತಿದ್ದ ಗಣಿತದ ಮೇಡಂ ತಲೆಯೆತ್ತಿದರು.

“ಏನಾಯ್ತ್ರೀ? ಯಾಕಂಗೆ ಬೆಳ್ಳಗಾಗ್ಬಿಟ್ರಿ?”

ಮೊಬೈಲನ್ನೇ ಅವರ ಮುಂದೆ ಹಿಡಿದೆ. ಅವರು ಓದಿದರು, ನನ್ನ ಮುಖ ನೋಡಿದರು, ಮತ್ತೆ ಓದಿದರು. “ಥೂ, ಬಾಯಿಗೆ ಮಣ್ಣಾಕ! ಯಾರ್ರೀ ಇದು ಬರ್ದಿದ್ದು?” ಅಂತ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಇದ್ದೇನೆ ಅಂತ ಖಾತ್ರಿ ಮಾಡಿಕೊಂಡ ಹಾಗೆ.

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಹೂವುಗಳೂ ಕೈಜೋಡಿಸಿದ ಚಿತ್ರಗಳೂ ತುಂಬಿದ್ದವು. ಒಬ್ಬಾಕೆ, ಹಾಸ್ಟೆಲಿನಲ್ಲಿ ನನ್ನ ಬಕೆಟ್ ವಿಷಯಕ್ಕೆ ಮೂರು ವರ್ಷ ಜಗಳ ಕಾದವಳು, ‘ಅವಳಂಥ ಮೃದು ಮನಸ್ಸು ನಾನು ಕಂಡಿಲ್ಲ’ ಎಂದು ಬರೆದಿದ್ದಳು. ಅವಳಿಗೇ ಫೋನ್ ಮಾಡಿದೆ. ನನ್ನ ಧ್ವನಿ ಕೇಳಿ ಅವಳು ಕಿರುಚಿದ್ದು ಸ್ಟಾಫ್ ರೂಮಿಗೆಲ್ಲ ಕೇಳಿಸಿತು. “ನೀನು ಇದೀಯೇನೇ? ನಿಜವಾಗ್ಲೂ ನೀನೇನೇ?” ಅಂತ ಅಳುತ್ತ, ನಗುತ್ತ ಕೇಳಿದಳು. ನಾನೂ ನಕ್ಕೆ. ಈ ಕಥೆಯನ್ನು ಇನ್ನು ಎಷ್ಟು ಜನರಿಗೆ ಹೇಳಿ ನಗಬಹುದು ಅಂತ ಲೆಕ್ಕ ಹಾಕಿದ್ದೂ ಉಂಟು.

ಆಮೇಲೆ ವಿಭಾಗಕ್ಕೆ ಫೋನ್ ಮಾಡಿದೆ. ಆ ಪತ್ರ ಸಿದ್ಧಪಡಿಸುವ ಅಧ್ಯಾಪಕಿ ಸಿಕ್ಕರು. ನಾನು ಯಾರು ಅಂತ ಹೇಳಿದಾಗ ಹತ್ತು ಸಲ ಕ್ಷಮೆ ಕೇಳಿದರು. ಹಳೆಯ ವಿದ್ಯಾರ್ಥಿಯೊಬ್ಬರಿಂದ ಎರಡು ಸಾಲಿನ ಮೆಸೇಜ್ ಬಂದಿತ್ತಂತೆ. ಹೆಸರು, ಬ್ಯಾಚು ನೋಡಿ ಕಡತದಲ್ಲಿ ಹುಡುಕಿದಾಗ ನನ್ನ ಫೋಟೋ ಸಿಕ್ಕಿತಂತೆ.

ಕೊನೆಗೆ ಅವರು ಮೆಲ್ಲಗೆ ಕೇಳಿದರು. “ಹಾಗಾದ್ರೆ ಮೇಡಂ, ತೀರಿಕೊಂಡಿರೋದು ಯಾರು?”

ಆ ಪ್ರಶ್ನೆ ಅಲ್ಲಿಯತನಕ ನನಗೆ ಹೊಳೆದೇ ಇರಲಿಲ್ಲ. ನಗು ಅಲ್ಲೇ ಸತ್ತಿತು.

ನಮ್ಮ ಬ್ಯಾಚಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದೆವು. ಹಿಂದೂಗಳೂ ಇಡುವ, ಮುಸಲ್ಮಾನರೂ ಇಡುವ ಹೆಸರು ಅದು. ನಾನು ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಕಡೆಯವಳು, ಅವಳು ತರೀಕೆರೆ ಪೇಟೆಯ ಹಳೆಯ ಮನೆತನದವಳು. ಇನಿಷಿಯಲ್ ಮಾತ್ರ ಬೇರೆ. ಕೂಗಿದರೆ ಇಬ್ಬರೂ ತಿರುಗುತ್ತಿದ್ದೆವು. ಅದಕ್ಕೇ ಮೇಷ್ಟ್ರುಗಳು ನನ್ನನ್ನು ‘ಕಡೂರು’ ಅಂತಲೂ ಅವಳನ್ನು ‘ತರೀಕೆರೆ’ ಅಂತಲೂ ಕರೆಯಲು ಶುರುಮಾಡಿದರು. ರಜೆಗೆ ಒಟ್ಟಿಗೇ ರೈಲು ಹತ್ತುತ್ತಿದ್ದೆವು. ಅವಳ ಬುತ್ತಿಯ ಖೀಮಾ ನಾನು ಮುಟ್ಟುತ್ತಿರಲಿಲ್ಲ, ನನ್ನ ಬುತ್ತಿಯ ಹುರುಳಿಕಾಳು ಸಾರನ್ನು ಅವಳು ಒಬ್ಬಳೇ ಮುಗಿಸುತ್ತಿದ್ದಳು. ಇದ್ದಿಲು ಹಿಡಿದು ಕುಳಿತರೆ ಅವಳ ಸಮಕ್ಕೆ ಯಾರೂ ಇರಲಿಲ್ಲ. ಅಮೃತಾಪುರದ ದೇವಸ್ಥಾನಕ್ಕೆ ನಮ್ಮನ್ನು ಚಿತ್ರ ಬರೆಸಲು ಕರೆದುಕೊಂಡು ಹೋಗಿದ್ದಾಗ ನಾವೆಲ್ಲ ಶಿಲ್ಪಗಳನ್ನು ಬರೆದರೆ, ಅವಳು ಬಾಗಿಲಲ್ಲಿ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ ಮುದುಕಿಯ ಕೈಗಳನ್ನು ಬರೆದಿದ್ದಳು. ಇಪ್ಪತ್ತೋ ಮೂವತ್ತೋ ಹಾಳೆ, ಬರೀ ಕೈಗಳು.

ಕೊನೆಯ ವರ್ಷ ಉತ್ತರ ಭಾರತದ ಒಂದು ಕಲಾಕೇಂದ್ರದಿಂದ ರೆಸಿಡೆನ್ಸಿಗೆ ಕರೆ ಬಂತು. ಆರು ತಿಂಗಳು ಅಲ್ಲೇ ಇದ್ದು ಚಿತ್ರ ಬರೆಯುವ ಅವಕಾಶ, ವಿಭಾಗದಿಂದ ಒಬ್ಬರಿಗೆ ಮಾತ್ರ. ಇಬ್ಬರೂ ಅರ್ಜಿ ಹಾಕಿದೆವು. ನೋಟಿಸ್ ಬೋರ್ಡಿನಲ್ಲಿ ಆಯ್ಕೆಯಾದ ಹೆಸರು ಅಂಟಿಸಿದರು. ಇನಿಷಿಯಲ್ ಇರಲಿಲ್ಲ. ಇಬ್ಬರೂ ಅದರ ಮುಂದೆ ನಿಂತು ಬಿದ್ದು ಬಿದ್ದು ನಕ್ಕೆವು. ಮಾರನೆಯ ದಿನ ಪತ್ರ ನನ್ನ ಕೈಗೆ ಬಂತು. “ನಿಂದೇ ಕಣೇ, ಹೋಗ್ಬಾ,” ಅಂದಳು ಅವಳು. ನಾನು ಹೋದೆ. ಆ ರೆಸಿಡೆನ್ಸಿಯ ಸರ್ಟಿಫಿಕೇಟ್ ನೋಡಿಯೇ ಅಜ್ಜಂಪುರದ ಶಾಲೆಯವರು ನನ್ನನ್ನು ತೆಗೆದುಕೊಂಡದ್ದು.

ಭಾನುವಾರ ಬೆಳಗ್ಗೆ ತರೀಕೆರೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸು, ಅವಳೂ ಇರಬಹುದು, ಇದೂ ತಪ್ಪೇ ಇರಬಹುದು ಅನ್ನುತ್ತಿತ್ತು. ಮಾತುಕತೆ ನಿಂತು ಎಷ್ಟೋ ವರ್ಷವಾಗಿತ್ತು. ಜಗಳವೇನಿಲ್ಲ, ಸುಮ್ಮನೆ ನಿಂತುಹೋಗಿತ್ತು. ಅವಳ ಅಣ್ಣನ ಕನ್ನಡಕದ ಅಂಗಡಿ ಗೊತ್ತಿತ್ತು. ಅದರ ಹಿಂದೆಯೇ ಮನೆ.

ಅಣ್ಣ ಬಾಗಿಲು ತೆಗೆದರು. ನನ್ನ ಹೆಸರು ಹೇಳಿದೆ. ತಂಗಿಯ ಹೆಸರನ್ನು ಬೇರೆಯವರ ಬಾಯಿಂದ ಕೇಳಿ ಆ ಮನುಷ್ಯ ಹೊಸ್ತಿಲಲ್ಲೇ ಮುಖ ಮುಚ್ಚಿಕೊಂಡರು. ಆಗ ಗೊತ್ತಾಯಿತು, ತಪ್ಪಲ್ಲ.

ಅವಳು ಹೋಗಿ ಹನ್ನೊಂದು ದಿನವಾಗಿತ್ತು. ಲಿಂಗದಹಳ್ಳಿಯ ಶಾಲೆಯೊಂದರ ಗೋಡೆಯ ಮೇಲೆ ಕರ್ನಾಟಕದ ನಕ್ಷೆ ಬರೆದು ಬಂದಳಂತೆ. ಅವಳ ಕೆಲಸವೇ ಅದು, ಸುತ್ತಲಿನ ಸರ್ಕಾರಿ ಶಾಲೆಗಳ ಗೋಡೆಗೆ ನಕ್ಷೆ, ಅಕ್ಷರಮಾಲೆ, ಹೂವು, ಹಕ್ಕಿ ಬರೆಯುವುದು. ತಲೆನೋವು ಅಂದಳಂತೆ, ಚಹಾ ಬೇಡ ಅಂದಳಂತೆ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ನನ್ನದೇ ವಯಸ್ಸು. ಅಣ್ಣ ಹೇಳುತ್ತಲೇ ಇದ್ದರು, ನನಗೆ ಮಾತುಗಳು ಕೇಳಿಸುತ್ತಿದ್ದವು, ತಲೆಯೊಳಗೆ ಹೋಗುತ್ತಿರಲಿಲ್ಲ.

ಅವಳ ತಾಯಿ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಮಗನ ಜೊತೆ ದಖ್ಖನಿ ಉರ್ದುವಿನಲ್ಲಿ ಏನೋ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಕಡೂರು ಅಂದ್ರೆ ನೀನೇನಾ?”

“ಹೂಂ ಅಮ್ಮಿ.”

ತುಂಬ ಹೊತ್ತು ನೋಡಿದರು. ಬೈಯುತ್ತಾರೋ ಅಳುತ್ತಾರೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ. ಮಗನಿಗೆ ಹೇಳಿ ಬೀರುವಿನಿಂದ ಒಂದು ರಟ್ಟಿನ ಫೈಲು ತರಿಸಿದರು. “ಓದು,” ಅಂದರು.

ಅವಳ ಚಿತ್ರಗಳಿರಬಹುದು ಅಂದುಕೊಂಡೆ. ಒಳಗಿದ್ದದ್ದು ಒಂದು ಕಾಗದ. ನಮಗೆ ಚಿತ್ರ ಕಲಿಸಿದ ಮೇಷ್ಟ್ರ ಕೈಬರಹ; ಅವರೂ ಈಗ ಇಲ್ಲ. ಅವಳಿಗೆ ಬರೆದದ್ದು, ನಾನು ರೆಸಿಡೆನ್ಸಿಗೆ ಹೊರಟ ವಾರದ ತಾರೀಕು. ‘ಆಯ್ಕೆ ಸಮಿತಿ ಆರಿಸಿದ್ದು ನಿನ್ನ ಇದ್ದಿಲು ಚಿತ್ರಗಳನ್ನು. ಆಫೀಸಿನಲ್ಲಿ ಟೈಪು ಮಾಡುವಾಗ ಇನಿಷಿಯಲ್ ಬಿಟ್ಟುಹೋಗಿ ಪತ್ರ ಕಡೂರಿನ ಹುಡುಗಿಗೆ ಹೋಗಿದೆ. ನೀನೊಂದು ಅರ್ಜಿ ಬರೆದುಕೊಟ್ಟರೆ ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ, ತಡಮಾಡಬೇಡ’ ಎಂದು ಅದರಲ್ಲಿತ್ತು.

ಕಾಗದವನ್ನು ಇನ್ನೊಮ್ಮೆ ಮೊದಲಿಂದ ಓದಿದೆ.

“ನಂಗೆ ಗೊತ್ತಿರ್ಲಿಲ್ಲ ಅಮ್ಮಿ,” ಅಂದೆ.

“ಅವ್ಳೂ ಹಂಗೇ ಅಂತಿದ್ಲು. ಪಾಪ, ಕಡೂರಿಗೆ ಗೊತ್ತಿಲ್ಲ ಅಂತ.”

“ಅರ್ಜಿ ಯಾಕೆ ಕೊಡ್ಲಿಲ್ಲ?”

“ಅವ್ಳ ಅಪ್ಪ ಹೊರಟ್ಬಿಟ್ಟಿದ್ರು ಜಗಳಕ್ಕೆ. ಬ್ಯಾಡ ಅಂದ್ಬಿಟ್ಲು. ಅಷ್ಟು ದೂರ ಹೋಗಾಕೆ ಹೆದ್ರಿಕೆನೂ ಇತ್ತು ಅವ್ಳಿಗೆ. ಹೋದೋಳ್ನ ವಾಪಸ್ ಕರ್ಸಿದ್ರೆ ನಾಚ್ಕೆ ಆಗಲ್ವಾ ಅವ್ಳಿಗೆ, ಅಂದ್ಲು. ಆಮೇಲೆ ಸಿಟ್ಟು ಬಂತು. ಭಾಳ ಸಿಟ್ಟು. ಎರಡು ವರ್ಷ ನಿನ್ನ ಹೆಸ್ರು ಎತ್ತಂಗಿರ್ಲಿಲ್ಲ ಈ ಮನೇಲಿ. ಎತ್ತೋದು ಹೆಂಗೆ, ಅದು ಅವ್ಳ ಹೆಸ್ರೂ ಅಲ್ವಾ!”

“ಆ ಸಿಟ್ಟು ಹೋಯ್ತಾ ಅಮ್ಮಿ?”

“ನಂಗೊತ್ತಿಲ್ಲ ಕಣಮ್ಮ. ಅದನ್ನ ನಾನು ಕೇಳ್ಲಿಲ್ಲ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದು ಮಧ್ಯಾಹ್ನ ನೆನಪಾಯಿತು. ರೆಸಿಡೆನ್ಸಿ ಮುಗಿಸಿ ಬಂದ ಮೇಲೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದ್ದಳು. ಇಬ್ಬರೂ ಕಬ್ಬಿನ ಹಾಲು ಕುಡಿದೆವು. “ಹೆಂಗಿತ್ತೇ ಅಲ್ಲಿ?” ಅಂತ ಕೇಳಿದ್ದಳು. ನಾನು ಒಂದು ಗಂಟೆ ಹೇಳಿದ್ದೆ. ಅಲ್ಲಿನ ಬೆಳಕು, ದೊಡ್ಡ ಕಿಟಕಿಯ ಸ್ಟುಡಿಯೋ, ರಾಶಿ ರಾಶಿ ಕಾಗದ, ಬಂದು ಹೋಗುತ್ತಿದ್ದ ಕಲಾವಿದರು. ಅವಳು ಗ್ಲಾಸು ಖಾಲಿಯಾದ ಮೇಲೂ ಅದನ್ನು ಕೈಯಲ್ಲೇ ತಿರುಗಿಸುತ್ತ ಕೇಳಿಸಿಕೊಂಡಿದ್ದಳು. ಆಗ ಎಲ್ಲ ಗೊತ್ತಿತ್ತು ಅವಳಿಗೆ. ನಾನು ಬಸ್ಸಿನ ಕಿಟಕಿಯ ಗಾಜು ಸರಿಸಿದೆ.

ಮನೆಗೆ ಬಂದವಳೇ ಬೀರು ತೆಗೆದು ನನ್ನ ಆಯ್ಕೆಪತ್ರ ಹುಡುಕಿದೆ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿತ್ತು. ಎರಡನೆಯ ಸಾಲಿನಲ್ಲೇ ಇತ್ತು: ‘ತಾವು ಸಲ್ಲಿಸಿದ ಇದ್ದಿಲು ಚಿತ್ರಗಳ ಆಧಾರದ ಮೇಲೆ.’

ನಾನು ಸಲ್ಲಿಸಿದ್ದು ಜಲವರ್ಣ.

ಇದನ್ನು ನಾನು ಅಂದೇ ಓದಿದ್ದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಆ ಸಾಲಿನ ಮೇಲೆ ಕಣ್ಣು ನಿಂತದ್ದೂ, ಆಫೀಸಿನವರು ಏನೋ ತಪ್ಪು ಟೈಪು ಮಾಡಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡು ಕಾಗದ ಮಡಿಸಿಟ್ಟದ್ದೂ ಚೆನ್ನಾಗಿ ನೆನಪಾಯಿತು. ಗೊತ್ತಿರಲಿಲ್ಲ ಅಂತ ಆ ತಾಯಿಗೆ ಅಷ್ಟು ಸುಲಭವಾಗಿ ಹೇಳಿ ಬಂದಿದ್ದೆ. ತೀರಿಕೊಂಡಿದ್ದೇನೆ ಅಂತ ಓದಿದಾಗ ಆದ ಗಾಬರಿ ಇದರ ಮುಂದೆ ಏನೂ ಅಲ್ಲ. ನಾನು ಹೀಗೂ ಮಾಡಬಲ್ಲೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಎಲ್ಲವನ್ನೂ ನನ್ನ ಗಂಡನಿಗೆ ಹೇಳಿದೆ, ವಿಭಾಗಕ್ಕೂ ಬರೆದು ತಿಳಿಸಬೇಕು ಅಂದೆ. ಅವರು ಊಟದ ತಟ್ಟೆಯಿಂದ ಕೈ ತೆಗೆದರು. “ಇಪ್ಪತ್ತು ವರ್ಷ ಆಯ್ತು ಮಾರಾಯ್ತಿ. ಈಗ ಅದನ್ನ ಬರೆದು ಏನಾಗ್ಬೇಕು? ಸ್ಕೂಲ್ನೋರು ನಾಳೆ ಕೇಳಿದ್ರೆ?” ಅವರ ಹೆದರಿಕೆ ನನ್ನದೂ ಆಗಿತ್ತು. ಒಂದು ವಾರ ಸುಮ್ಮನಿದ್ದೆ. ವಿಭಾಗದ ಅಧ್ಯಾಪಕಿ ಎರಡು ಸಲ ಫೋನ್ ಮಾಡಿದರು, ತಿದ್ದುಪಡಿ ಹಾಕಬೇಕು, ವಿವರ ಕೊಡಿ ಅಂತ. ಸ್ವಲ್ಪ ಕೆಲಸ ಇದೆ ಅಂದೆ.

ಎಂಟನೆಯ ದಿನ ಒಂಬತ್ತನೆಯ ತರಗತಿಯ ಮಕ್ಕಳಿಗೆ ಕೈ ಬರೆಯುವುದನ್ನು ಹೇಳಿಕೊಡಬೇಕಿತ್ತು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಕೈ ಎಳೆದೆ. ಹೆಬ್ಬೆರಳು ಸರಿಬರಲಿಲ್ಲ. ಅಳಿಸಿ ಮತ್ತೆ ಎಳೆದೆ. ಆಗಲೂ ಬರಲಿಲ್ಲ. ಮಕ್ಕಳು ಕಾಯುತ್ತಿದ್ದರು. ಏನಾದರೂ ಬರೆದುಕೊಳ್ಳಿ ಅಂತ ಹೇಳಿ, ಕುರ್ಚಿಯಲ್ಲಿ ಕುಳಿತು, ಅಲ್ಲೇ ಮೊಬೈಲಿನಲ್ಲಿ ವಿಭಾಗಕ್ಕೆ ಬರೆದೆ. ತೀರಿಕೊಂಡವಳು ಯಾರು, ಅವಳು ಏನು ಕೆಲಸ ಮಾಡುತ್ತಿದ್ದಳು, ಆ ವರ್ಷದ ರೆಸಿಡೆನ್ಸಿ ನ್ಯಾಯವಾಗಿ ಯಾರದು, ನನ್ನ ಪತ್ರದಲ್ಲಿ ಏನು ಬರೆದಿತ್ತು, ನಾನು ಅದನ್ನು ಓದಿಯೂ ಏನು ಮಾಡಿದೆ. ಎರಡೂ ಕಾಗದಗಳ ಫೋಟೋ ಲಗತ್ತಿಸಿದೆ. ನನ್ನ ಪತ್ರದ ಫೋಟೋ ಮೊದಲೇ ತೆಗೆದಿಟ್ಟಿದ್ದೆ; ಮೇಷ್ಟ್ರ ಕಾಗದದ್ದನ್ನು ಆ ಭಾನುವಾರವೇ ಅವಳ ಅಣ್ಣನನ್ನು ಕೇಳಿ ತೆಗೆದುಕೊಂಡಿದ್ದೆ. ಕಳಿಸಿದ ಮೇಲೆ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಅವರಿಗೂ ಹೇಳಿದೆ. ಅವರು ಕೇಳಿ, ಕನ್ನಡಕ ತೆಗೆದು ಒರೆಸಿ, “ನಾನಿದನ್ನ ಕೇಳ್ಬಾರ್ದಿತ್ತು ಮೇಡಂ,” ಅಂದರು. ಅಷ್ಟೇ. ಕೆಲಸ ಹೋಗಲಿಲ್ಲ. ಆದರೆ ಅವರು ಮೊದಲಿನ ಹಾಗೆ ಮಾತಾಡಿಸುವುದಿಲ್ಲ.

ಮುಂದಿನ ತಿಂಗಳ ಪತ್ರದಲ್ಲಿ ತಿದ್ದುಪಡಿ ಬಂತು. ಈ ಸಲ ಅವಳದೇ ಫೋಟೋ, ಅಣ್ಣ ಕಳಿಸಿದ್ದು. ಏಣಿಯ ಮೇಲೆ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಳು. ಗೋಡೆಯ ಮೇಲೆ ಅರ್ಧ ಬರೆದ ಕರ್ನಾಟಕ. ರೆಸಿಡೆನ್ಸಿಗೆ ಆಯ್ಕೆಯಾದವರು ಇವರೇ ಎಂದು ದಾಖಲೆಯನ್ನು ಸರಿಪಡಿಸಲಾಗಿದೆ ಅಂತ ಒಂದು ಸಾಲು. ವಾಟ್ಸಾಪ್ ಗುಂಪಿನಲ್ಲಿ ಆ ದಿನ ಯಾರೂ ಏನೂ ಬರೆಯಲಿಲ್ಲ. ಸಂಜೆ ಇಬ್ಬರು ಫೋನ್ ಮಾಡಿದರು. ಬಕೆಟ್ಟಿನವಳು ಮಾಡಲಿಲ್ಲ, ಈವರೆಗೂ ಮಾಡಿಲ್ಲ.

ನಾನು ತರೀಕೆರೆಗೆ ಫೋನ್ ಮಾಡಿದೆ. ಅಣ್ಣ ಅಮ್ಮಿಯ ಕೈಗೆ ಕೊಟ್ಟರು. “ನಂಗೆ ಓದಾಕೆ ಬರಲ್ಲ, ನೀನೇ ಓದು,” ಅಂದರು. ಓದಿದೆ. ಗೋಡೆ ಚಿತ್ರಗಳ ವಿಷಯ ಬಂದಾಗ “ಹೂಂ” ಅಂದರು. ರೆಸಿಡೆನ್ಸಿಯ ಸಾಲನ್ನೂ ಓದಿ ಮುಗಿಸಿದೆ.

“ಅಮ್ಮಿ, ಇದೀರಾ? ಇನ್ನೊಂದು ಮಾತು ಹೇಳ್ಬೇಕು. ಅವತ್ತು ನಂಗೆ ಗೊತ್ತಿರ್ಲಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ.”

“ಗೊತ್ತಾಯ್ತು ಬಿಡು ಅವತ್ತೇ,” ಅಂದರು ಅವರು. “ಆ ಸಾಲು ಇನ್ನೊಂದ್ಸಲ ಓದು.”

ಓದಿದೆ. ಅವರು ಫೋನ್ ಇಟ್ಟರು.